ಹುಣಸೆಹಣ್ಣು ಹಚ್ಚಿ ಬೆಳಗಿದ ಪ್ಲಗ್ಗುಗಳು

ಐದಕ್ಕೆ ನಲ್ಲಿಯಲ್ಲಿ ನೀರು ಬಂತು. ಎರಡು ಹಂಡೆ, ಮೂರು ಕೊಡ ತುಂಬಿಸಿದ್ದು. ಹಾಲಿನ ಕೇಂದ್ರದಿಂದ ಬಾಟಲಿ ತಂದದ್ದು. ಇದ್ದಿಲ ಶೇಗಡಿ ಹೊತ್ತಿಸಿದ್ದು. ರೇಷನ್ ಅಕ್ಕಿಯಲ್ಲಿ ಕಲ್ಲು ಆರಿಸಿದ್ದು. ಮಗಳಿಗೆ ಜಡೆ ಹಾಕಿ ಶಾಲೆಗೆ ಕಳಿಸಿದ್ದು. ದೇವರ ಹಿತ್ತಾಳೆ ಸಾಮಾನು ಬೆಳಗಿದ್ದು. ಅದರ ಜೊತೆಗೇ ಕಾರಿನ ನಾಲ್ಕು ಪ್ಲಗ್ ಬೆಳಗಿದ್ದು.

ಅಂದಂದಿನ ಕೆಲಸವನ್ನು ಕ್ಯಾಲೆಂಡರಿನ ಹಾಳೆಯ ಹಿಂದೆ ಪೆನ್ಸಿಲಿನಲ್ಲಿ ಗೀಚಿಡುವುದು ನನ್ನ ರೂಢಿ. ತಿಂಗಳು ಮುಗಿದ ಮೇಲೆ ಆ ಹಾಳೆಗಳು ಡಬ್ಬಿಗಳ ತಳಕ್ಕೆ ಹಾಸಲು ಹೋಗುತ್ತಿದ್ದವು. ಈ ಒಂದು ಹಾಳೆ ಮಾತ್ರ ಉಳಿದಿದೆ. ಕೊನೆಯ ಸಾಲನ್ನು ಅದೇ ಸಂಜೆ ಹೊಡೆದುಹಾಕಿದ್ದೇನೆ. ಆದರೂ ಓದಲು ಬರುತ್ತದೆ.

ಆಗ ನಾವು ಗೋರೆಗಾಂವ್‌ನಲ್ಲಿ ನೆಲಮಹಡಿಯ ಎರಡು ಖೋಲಿಯಲ್ಲಿದ್ದೆವು. ನಮ್ಮವರು ಫೋರ್ಟಿನ ಒಂದು ಕಂಪನಿಯಲ್ಲಿ ಹೆಡ್‌ಕ್ಲಾರ್ಕು. ಅವರ ಇಂಗ್ಲಿಷ್ ಸಾಹೇಬ ತನ್ನ ದೇಶಕ್ಕೆ ಹೊರಟಾಗ ಯುದ್ಧಕ್ಕಿಂತ ಹಿಂದಿನ ತನ್ನ ಕಾರನ್ನು ಇವರಿಗೆ ಬಿಟ್ಟುಹೋಗಿದ್ದ. ಧಾರವಾಡದಲ್ಲಿ ನಮ್ಮ ಇಡೀ ಓಣಿಯಲ್ಲಿ ಒಬ್ಬರಿಗೂ ಕಾರಿರಲಿಲ್ಲ. ಹಾಗಾಗಿ ಅದು ಓಡಿದ ದಿನ ಹಬ್ಬ, ನಿಂತ ದಿನ ಸೂತಕ.

ಹಾಗೆ ಅದು ಒಮ್ಮೆ ಘೋಡ್‌ಬಂದರ್ ರಸ್ತೆಯಲ್ಲಿ ನಿಂತಾಗ, ಇವರು ಸ್ಟಿಯರಿಂಗಿನ ಮುಂದೆ ಕೂತು, “ಏಳವ್ವಾ ತಾಯಿ, ಮನೀ ಮುಟ್ಟಸು, ಕೈ ಮುಗೀತೀನಿ” ಎನ್ನುತ್ತಿದ್ದರಂತೆ. ದಾರಿಯಲ್ಲಿ ಹೋಗುತ್ತಿದ್ದವನೊಬ್ಬ ಕಿಟಕಿಯಲ್ಲಿ ಬಗ್ಗಿ, “ಕೈ ಮುಗದ್ರ ಏಳೂದಿಲ್ರಿ ಅದು, ಬಾನೆಟ್ ತಗೀರಿ” ಎಂದನಂತೆ. ಮೋಟಾರು ಮಿಸ್ತ್ರಿಯಾದ ಅವನ ಪರಿಚಯವಾದದ್ದು ಹೀಗೆ. ವಿಜಾಪುರದ ಕಡೆಯವನು. ಧಾರಾವಿಯಲ್ಲಿ ಅವನ ಅಣ್ಣತಮ್ಮಂದಿರದು ತೊಗಲಿನ ಕೆಲಸ. ಇವನೊಬ್ಬ ಮಾತ್ರ ಜೋಗೇಶ್ವರಿಯ ಸಣ್ಣ ವರ್ಕ್‌ಶಾಪಿನಲ್ಲಿ ಮೋಟಾರು ಕೆಲಸ ಕಲಿತಿದ್ದ. ಹಿಂದಿ, ಮರಾಠಿ, ಗುಜರಾತಿಗಳ ನಡುವೆ ನಮ್ಮ ಕಡೆಯ ಕನ್ನಡ ಕೇಳಲು ನನಗೆ ಆಸೆ. ಅವನು ಬಂದರೆ ನಾನೇ ಬಾಗಿಲಿಗೆ ಬಂದು ಮಾತಾಡಿಸುತ್ತಿದ್ದೆ. ಚಹವನ್ನೂ ಕೊಡುತ್ತಿದ್ದೆ. ಅವನ ಗ್ಲಾಸು ಕಿಟಕಿಯ ಹೊರಕಟ್ಟೆಯ ಮೇಲೆ ಬೇರೆ ಇರುತ್ತಿತ್ತು. ಕುಡಿದು, ತಾನೇ ತೊಳೆದು, ಬೋರಲು ಹಾಕಿ ಹೋಗುತ್ತಿದ್ದ. ಹಾಗೆ ಮಾಡು ಎಂದು ನಾನು ಹೇಳಿರಲಿಲ್ಲ. ಬೇಡ ಎಂದೂ ಹೇಳಿರಲಿಲ್ಲ.

ಇವರ ಕಂಪನಿಯ ಗ್ಯಾರೇಜಿನಲ್ಲಿ ಒಬ್ಬ ಮಿಸ್ತ್ರಿಯ ಜಾಗ ತೆರವಾಗಿತ್ತು. ಪಕ್ಕಾ ನೌಕರಿ. ಇವರು ಅವನ ಪರವಾಗಿ ಮಾತು ಹಾಕಿದ್ದರು. ಗ್ಯಾರೇಜಿನ ಮುಖ್ಯಸ್ಥರು, “ಶನಿವಾರ ನಿಮ್ಮ ಕಾರು ತನ್ನಿ, ಅವನ ಕೈ ಹೇಗಿದೆ ಎಂಜಿನ್ ಕೇಳಿ ಹೇಳುತ್ತೇನೆ” ಎಂದಿದ್ದರು. ಕಾರಿನ ಹಳೆಯ ಪ್ಲಗ್ಗುಗಳು ಮಸಿ ಹಿಡಿದು ಎಂಜಿನ್ ಕೆಮ್ಮುತ್ತಿತ್ತು. ಹೊಸ ಪ್ಲಗ್ ಹಾಕಿಕೊಂಡೇ ಹೋಗಬೇಕೆಂದು ಇವರೂ ಅವನೂ ಮಾತಾಡಿಕೊಂಡಿದ್ದರು.

ಆ ಶನಿವಾರ ಬೆಳಿಗ್ಗೆ ಏಳಕ್ಕೆ, ಜೋಗೇಶ್ವರಿಯಲ್ಲಿ ಇಳಿಯದೆ ಒಂದು ಸ್ಟೇಷನ್ ಮುಂದೆ ಬಂದು, ಅವನು ನಮ್ಮ ಮೆಟ್ಟಿಲ ಬಳಿ ನಿಂತ. ಕೈಯಲ್ಲಿ ಕಾಗದದ ಪೊಟ್ಟಣ.

“ಅಕ್ಕಾರ, ಸಾಹೇಬ್ರು ಎದ್ದಾರೇನ್ರಿ?”

“ಸ್ನಾನಕ್ಕ ಹೋಗ್ಯಾರ. ಬರೂತನಾ ನಿಲ್ಲೂದಿಲ್ಲೇನು?”

“ಇಲ್ರಿ. ತಡಾ ಆದ್ರ ನಮ್ಮ ಶೇಠ ಗಾಡಿ ಬಿಟ್ಟು ನನ್ನ ಬಿಚ್ಚತಾನ.” ನಕ್ಕು ಪೊಟ್ಟಣವನ್ನು ಕಟ್ಟೆಯ ಮೇಲಿಟ್ಟ. “ಪ್ಲಗ್ ಇದರಾಗ ಅದಾವ್ರಿ. ಸಂದು ಅಳತಿ ಮಾಡೇ ತಂದೀನಿ. ಸಾಹೇಬ್ರಿಗೆ ಹಾಕಾಕ ಬರ್ತದ. ಕೈಲೆ ತಿರುವಿ ಕೂಡಸೂದು, ಕಡೀಕ ಪಾನಾ ಹಚ್ಚಿ ಕಾಲು ಸುತ್ತು. ಮತ್ತೇನೂ ಮಾಡೂದು ಬ್ಯಾಡ ಅಂತ ಹೇಳ್ರಿ. ಇವತ್ತ ನನ್ನ ಮರ್ಯಾದಿ ಅವರ ಗಾಡ್ಯಾಗ ಕುಂತದ.”

ನಾನು ಮಡಿಯಲ್ಲಿದ್ದೆ. ದೇವರ ಸಾಮಾನೆಲ್ಲ ಬಚ್ಚಲ ಕಲ್ಲಿನ ಮೇಲೆ ಹರಡಿತ್ತು. ಪೊಟ್ಟಣವನ್ನು ಒಳಗೆ ತಂದು ಕಾಗದ ಬಿಚ್ಚಿದರೆ ಒಳಗೊಂದು ತೊಗಲಿನ ಚೀಲ. ನಾಲ್ಕು ಗೂಡು, ನಾಲ್ಕರಲ್ಲಿ ನಾಲ್ಕು ಪ್ಲಗ್. ಅಂಚಿಗೆ ಬಿಳಿ ದಾರದ ಸಣ್ಣ ಹೊಲಿಗೆ ಇದ್ದದ್ದು ಕಂಡಿತು. ಕಂಡದ್ದು ನಿಜ. ಆದರೆ ಆಗ ನನ್ನ ತಲೆಯಲ್ಲಿದ್ದದ್ದು ಒಂದೇ: ತೊಗಲು, ಅಡುಗೆಮನೆ, ಮಡಿ. ಯಾರ ಮನೆಯಿಂದ ಬಂದ ತೊಗಲು ಎಂಬುದೂ ಇತ್ತು. ಅದನ್ನು ಬಿಟ್ಟು ಬರೆದರೆ ಇದನ್ನು ಬರೆಯುವುದೇ ಬೇಡ.

ಇಕ್ಕಳದಿಂದ ಚೀಲವನ್ನು ಎತ್ತಿ ಕಸದ ಡಬ್ಬಿಗೆ ಹಾಕಿದೆ. ಪ್ಲಗ್ಗುಗಳನ್ನು ಹುಣಸೆಹಣ್ಣಿನ ನೀರಿನಲ್ಲಿ ಅದ್ದಿ, ಬೂದಿ ಹಚ್ಚಿ, ತೆಂಗಿನ ನಾರಿನಿಂದ ತಿಕ್ಕಿದೆ. ಪ್ಲಗ್ಗಿನ ತುದಿಯಲ್ಲಿ ಕೊಕ್ಕೆಯ ಹಾಗೆ ಬಾಗಿದ ಸಣ್ಣ ತಂತಿಯಿರುತ್ತದೆ. ಅದರ ಕೆಳಗಿನ ಕೂದಲೆಳೆಯಷ್ಟು ಸಂದಿನಲ್ಲೇ ಕಿಡಿ ಹಾರುವುದು. ಇದು ನನಗೆ ಆಮೇಲೆ ತಿಳಿದದ್ದು. ಆಗ, ತಿಕ್ಕುವಾಗ ಎದ್ದುಬಂತೇನೋ ಎಂದುಕೊಂಡು, ಎರಡರ ತಂತಿಯನ್ನು ಇಕ್ಕಳದಿಂದ ಅದುಮಿ ಕೂರಿಸಿದೆ. ತೊಳೆದು, ಕಿಟಕಿಯ ಬಿಸಿಲಿನಲ್ಲಿ ಒಣಗಿಸಿ, ಒಗೆದ ಬಟ್ಟೆಯಲ್ಲಿ ಸುತ್ತಿ ಇವರ ಕೈಗೆ ಕೊಟ್ಟೆ. ಹೇಳಿಕಳಿಸಿದ ಮಾತನ್ನೂ ಚಾಚೂ ತಪ್ಪದೆ ಹೇಳಿದೆ: ಮತ್ತೇನೂ ಮಾಡುವುದು ಬೇಡವಂತೆ.

“ಏನು ಚಕಚಕ ಅಂತಾವಲೇ!” ಎಂದು ಇವರು ಸಂತೋಷದಿಂದ ಹಾಕಿಕೊಂಡು ಹೊರಟರು. ಕಾರು ಗೇಟು ದಾಟುವಾಗಲೇ ಕುಂಟುತ್ತಿತ್ತು.

ಮುಕ್ಕಾಲು ಗಂಟೆಯಲ್ಲಿ ಬೆವರಿಳಿಸಿಕೊಂಡು ನಡೆದು ಬಂದರು. ರಸ್ತೆಯ ನಡುವೆ ಕಾರು ನಿಂತು, ಹಾಲಿನ ಭೈಯಾಗಳು ಬದಿಗೆ ತಳ್ಳಿಕೊಟ್ಟರಂತೆ. ಕೈಯಲ್ಲಿ ಒಂದು ಪ್ಲಗ್.

“ನೋಡಿಲ್ಲೆ! ಮೈತುಂಬ ಗೀರು. ಹಳೇ ಪ್ಲಗ್ ತಿಕ್ಕಿ ಪಾಲಿಶ್ ಮಾಡಿ ಹೊಸಾವಂತ ಕೊಟ್ಟಾನ. ನಮ್ಮ ಕಡಿಯಾಂವ ಅಂತ ನಂಬಿದ್ನಲ್ಲ, ನನಗ ಹೊಡೀಬೇಕು.”

ಆ ಗೀರುಗಳು ನನ್ನ ನಾರಿನವು. ಹೇಳಬೇಕಾದದ್ದು ಆಗಲೇ. ಆದರೆ ತೊಳೆದೆ ಎಂದರೆ ಯಾಕೆ ತೊಳೆದೆ ಎಂಬುದನ್ನೂ ಹೇಳಬೇಕು. “ಇರ್ಲಿ ಬಿಡ್ರಿ, ನೀರು ಕುಡೀರಿ” ಎಂದೆ.

ಅವರು ನೀರು ಕುಡಿದರು. ಹಳೆಯ ಕರಿ ಪ್ಲಗ್ಗುಗಳನ್ನೇ ಒಯ್ದು ಹಾಕಿ, ಕಾರನ್ನು ಕೆಮ್ಮಿಸುತ್ತ ಮನೆಗೆ ತಂದು ನಿಲ್ಲಿಸಿ, ಲೋಕಲ್ ಹಿಡಿದು ಆಫೀಸಿಗೆ ಹೋದರು. ಕಸ ಒಯ್ಯುವವಳು ಹನ್ನೊಂದಕ್ಕೆ ಬಂದು ಡಬ್ಬಿ ಖಾಲಿ ಮಾಡಿಕೊಂಡು ಹೋದಳು. ನಾನು ಒಗ್ಗರಣೆ ಹಾಕುತ್ತಿದ್ದೆ.

ಸಂಜೆ ಐದೂವರೆಗೆ ಅವನು ಬಂದ. ಒಗೆದ ಅಂಗಿ, ಬಾಚಿದ ತಲೆ. ಇವರು ಅಂಗಳದಲ್ಲಿ ಕಾರಿನ ಬಳಿಯೇ ಇದ್ದರು.

“ಬಾರಪಾ, ಭಾಳ ಛಲೋ ಕೆಲಸಾ ಮಾಡೀಯಲ್ಲ!”

“ಏನಾತ್ರಿ ಸಾಹೇಬ್ರ?”

“ಹಳೇವು ತಿಕ್ಕಿ ಕೊಟ್ಟರ ಏನಾಗ್ತದ? ನಡುರಸ್ತೇದಾಗ ನಿಂತಿತು. ಗ್ಯಾರೇಜಿನವರಿಗೂ ಹೇಳಿ ಬಂದೀನಿ, ಈ ಮನಷ್ಯಾ ಮೋಸಗಾರ, ಬ್ಯಾಡ ಅಂತ.”

 ಇವರು ಕಳಚಿಟ್ಟಿದ್ದ ಹೊಸ ಪ್ಲಗ್ ಒಂದನ್ನು ಅವನು ತೆಗೆದುಕೊಂಡು ಬಿಸಿಲಿಗೆ ಹಿಡಿದ. ಒಳಗಿನ ಪೊಳ್ಳಿನಲ್ಲಿ ಉಗುರು ಹಾಕಿದ. ಹಸಿ ಬೂದಿ ಬಂತು. ಅದರ ಜೊತೆಗೆ ನಾರಿನ ಒಂದು ಎಳೆ. ಮೂಸಿ ನೋಡಿದ. ಒಮ್ಮೆ ಬಚ್ಚಲ ಕಿಟಕಿಯ ಕಡೆ ನೋಡಿದ. ಅಲ್ಲಿ ನನ್ನ ದೇವರ ಸಾಮಾನು ಫಳಫಳ ಹೊಳೆಯುತ್ತಿತ್ತು. ಬಾಗಿಲಲ್ಲಿ ನಿಂತಿದ್ದ ನನ್ನ ಕಡೆ ನೋಡಲಿಲ್ಲ.

“ನಂದಽ ತಪ್ಪಿರಬೇಕ್ರಿ,” ಎಂದ. “ಸಂದು ಇನ್ನೊಮ್ಮೆ ನೋಡಬೇಕಿತ್ತು.”

ಆಗ ಬಾಯಿ ಬಿಟ್ಟೆ. “ನಾ ತೊಳದೀನ್ರಿ.”

“ಏನು?” ಎಂದರು ಇವರು.

“ಪ್ಲಗ್. ಹುಣಸಿಹಣ್ಣು ಹಚ್ಚಿ ತಿಕ್ಕಿದೆ. ಎಣ್ಣಿ ಹತ್ತಿತ್ತು.”

“ತಿಕ್ಕಿದಿ? ಅವೇನು ನಿನ್ನ ಪಂಚಪಾತ್ರೀನ?”

“ಹೌದ್ರಿ ಸಾಹೇಬ್ರ,” ಎಂದ ಅವನು ತಕ್ಷಣ. “ಎಣ್ಣಿ ಕೈಲೆ ಹಿಡದಿದ್ದೆ ನಾ. ಹತ್ತಿರಬೇಕು.”

ಎಣ್ಣೆ ಇರಲಿಲ್ಲ. ಅದು ಅವನಿಗೂ ಗೊತ್ತು.

ಪ್ಲಗ್ಗುಗಳನ್ನು ಪೆಟ್ರೋಲಿನಲ್ಲಿ ತೊಳೆದು, ಸಣ್ಣ ಬ್ರಶ್ಶಿನಿಂದ ಬೂದಿ ತೆಗೆದು, ಗಾಳಿಗೆ ಆರಲು ಬಿಟ್ಟ. ಒಳಗಿನ ಹಸಿ ಹೋಗಲು ಸ್ವಲ್ಪ ಕಾವು ಬೇಕು ಎಂದ. ಶೇಗಡಿ ಅಡುಗೆಮನೆಯಲ್ಲಿ ಉರಿಯುತ್ತಿತ್ತು. ಒಳಗೆ ಬಾ ಎನ್ನಲಿಲ್ಲ ನಾನು. ಕೆಂಡದ ಶೇಗಡಿಯನ್ನೇ ಎರಡು ಕೈಯಿಂದ ಎತ್ತಿ ಹೊರಗಿನ ಕಟ್ಟೆಗೆ ತಂದಿಟ್ಟೆ. ಸೆರಗಿನ ಅಂಚು ಸುಟ್ಟಿತು. ತೆಳ್ಳನೆಯ ಪಟ್ಟಿ ತೂರಿಸಿ ಸಂದು ಸರಿಮಾಡಿ, ನಾಲ್ಕನ್ನೂ ಕೂರಿಸಿದ. ಎರಡನೆಯ ಸಲಕ್ಕೆ ಎಂಜಿನ್ ಹಿಡಿದು ಮೆತ್ತಗೆ ಗುಂಯ್‌ಗುಟ್ಟಿತು. ಇವರು ಅವನ ಹೆಗಲ ಮೇಲೆ ಕೈಯಿಟ್ಟು, “ಸೋಮವಾರ ನಾನಽ ಹೋಗಿ ಹೇಳ್ತೀನಪಾ” ಎಂದರು.

ಅವನು ಹಳೆಯ ಪ್ಲಗ್ಗುಗಳನ್ನು ಒರೆಸುತ್ತ, “ಇವು ಹೊತ್ತಿಗೆ ಬೇಕಾಗ್ತಾವ್ರಿ, ಚೀಲದಾಗ ಹಾಕಿ ಗಾಡ್ಯಾಗಽ ಇಡ್ರಿ,” ಎಂದ. “ಚೀಲಾ ಎಲ್ಲಿ ಇಟ್ಟೀರಿ ಅಕ್ಕಾರ? ನಮ್ಮಾಕಿ ಎರಡು ದಿನಾ ಕುಂತು ಹೊಲದಾಳ. ಗ್ಯಾರೇಜಿನ ಸಾಹೇಬ್ರು ನೋಡಿದ್ರ ಛಂದ ಕಾಣಲಿ ಅಂತ.”

“ಚೀಲಾ?” ಎಂದೆ. “ಕಾಗದಾ ಅಷ್ಟ ಇತ್ತಪಾ.”

ನನ್ನ ದನಿ ನನಗೇ ಕೇಳಿಸಿತು. ಅವನು ಒರೆಸುವುದನ್ನು ನಿಲ್ಲಿಸಲಿಲ್ಲ.

“ಹಾಂಗಾದ್ರ ರೈಲಿನ್ಯಾಗ ಬಿದ್ದಿರಬೇಕ್ರಿ,” ಎಂದ.

ಚಹ ಮಾಡಲೇ ಎಂದು ಕೇಳಿದೆ. ಬೇಡವೆಂದ. ಗ್ಲಾಸು ಬೆಳಗಿನಿಂದ ಬೋರಲು ಇದ್ದ ಹಾಗೇ ಇತ್ತು.

ಸೋಮವಾರ ಇವರು ಹೇಳಿದರು. ಆದರೆ ಗ್ಯಾರೇಜಿನವರು ಶನಿವಾರವೇ ಬೇರೆ ಒಬ್ಬನಿಗೆ ಮಾತು ಕೊಟ್ಟಾಗಿತ್ತು. ನಮ್ಮ ಮಿಸ್ತ್ರಿ ಜೋಗೇಶ್ವರಿಯಲ್ಲೇ ಉಳಿದ. ಆ ಮೇಲೂ ನಮ್ಮ ಕಾರಿಗೆ ಕರೆದಾಗಲೆಲ್ಲ ಬಂದ, ಅಕ್ಕಾರ ಎಂದೇ ಕರೆದ. ಸಾಮಾನನ್ನು ಮಾತ್ರ ಮತ್ತೆಂದೂ ನನ್ನ ಕೈಗೆ ಕೊಡಲಿಲ್ಲ. ಇವರು ಬರುವ ತನಕ ಗೇಟಿನ ಹೊರಗೆ ಕಾಯುತ್ತಿದ್ದ.

ಆ ಶನಿವಾರ ರಾತ್ರಿ ಜೋಳದ ರೊಟ್ಟಿ, ಎಣ್ಣೆಗಾಯಿ ಬದನೆಕಾಯಿ, ಶೇಂಗಾ ಚಟ್ನಿ, ಮಧ್ಯಾಹ್ನದ ಸಾರು. ಇವರು ಎರಡನೆಯ ರೊಟ್ಟಿ ಮುರಿಯುತ್ತ, “ಹೊಸಾ ಪ್ಲಗ್ಗಿಗೆ ಎಣ್ಣಿ ಎಲ್ಲಿಂದ ಬಂತಲೇ?” ಎಂದರು. ನಾನು ಅವರ ತಾಟಿಗೆ ಇನ್ನೊಂದು ರೊಟ್ಟಿ ಹಾಕಿದೆ. ಅವರು ನನ್ನ ಮುಖ ನೋಡಿದರು, ಮತ್ತೆ ಕೇಳಲಿಲ್ಲ. ಮಗಳು ಸಾರನ್ನ ಉಂಡಳು. ಹಾಸಿಗೆ ಹಾಸಿದ ಮೇಲೂ ಅವಳು ಮಗ್ಗಿ ಹೇಳುತ್ತಿದ್ದಳಂತೆ, ಇವರು ಬಹಳ ಹೊತ್ತು ಹೊರಳಾಡಿದರಂತೆ. ಮರುದಿನ ಅವರೇ ಹೇಳಿದರು. ಎಲ್ಲರಿಗಿಂತ ಮೊದಲು ನಿದ್ದೆ ಹೋದವಳು ನಾನು.