ಗೆಳತಿ ಪರೀಕ್ಷಿಸಿದ ಸಂಜೆ

ಸಾಫ್ಟ್‌ವೇರ್ ಟೆಸ್ಟರ್ ಆಗಿದ್ದ ನನ್ನ ಗೆಳತಿ ಪರೀಕ್ಷಿಸದೆ ಏನನ್ನೂ ಒಪ್ಪುತ್ತಿರಲಿಲ್ಲ. ಮಹಾನಗರದ ಕಂಪನಿಯೊಂದು ದೊಡ್ಡ ಹುದ್ದೆ ಕೊಟ್ಟಾಗ, ಅಲ್ಲಿಗೆ ಹೋಗಿ, ಕಚೇರಿ ಬಿಡುವ ಹೊತ್ತಿಗೆ ಅಲ್ಲಿಯ ನೌಕರರ ಜೊತೆಯೇ ಬಸ್ಸು ಹತ್ತಿದಳು. ಅವರ ಮನೆಗಳಿರುವ ಬಡಾವಣೆ ಸೇರುವಷ್ಟರಲ್ಲಿ ಕತ್ತಲಾಗಿತ್ತು.

"ಕೆಲಸ ಪಾಸು, ಸಂಜೆ ಫೇಲು ಕಣೇ," ಎಂದಳು, ಮರಳಿ ಬಂದು.

"ಕೈಗೆ ಬಂದಿದ್ದನ್ನ ಕಾಲಲ್ಲಿ ಒದೀತಿದೀಯ," ಎಂದೆ.

"ಒದೀದೆ ಈಜೋಕಾಗುತ್ತೇನೇ?"

ನಮ್ಮ ಊರಿನ ಸಣ್ಣ ಕೆಲಸದಲ್ಲೇ ಉಳಿದು, ಸಂಜೆ ಕೆರೆಯಲ್ಲಿ, ನೀರೆಂದರೆ ಹೆದರುವ ದೊಡ್ಡವರಿಗೆ ಈಜು ಕಲಿಸಿದಳು, ನನಗೂ.

ವರ್ಷಗಳ ನಂತರ ಅವಳು ಕಾಯಿಲೆಯಿಂದ ತೀರಿಕೊಂಡ ಮರುದಿನ ಸಂಜೆ ಮನೆಯಲ್ಲಿ ಕೂರಲಾಗದೆ ಕೆರೆಗೆ ಹೋದೆ. ಯಾರೂ ಯಾರನ್ನೂ ಕರೆದಿರಲಿಲ್ಲ. ದರ್ಜಿ, ದಾದಿ, ಬ್ಯಾಂಕಿನ ಮ್ಯಾನೇಜರು, ಒಂದು ಕಾಲಕ್ಕೆ ಮೊಣಕಾಲುದ್ದ ನೀರಿಗೂ ನಡುಗುತ್ತಿದ್ದವರೆಲ್ಲ, ಕೆರೆಯ ನಡುವೆ ಸದ್ದಿಲ್ಲದೆ ಈಜುತ್ತಿದ್ದರು. ಒಬ್ಬಳು ಉಳಿಸಿಕೊಂಡ ಸಂಜೆ ಇಷ್ಟು ಅಗಲವಿತ್ತೆ? ನಾನೂ ನೀರಿಗಿಳಿದೆ.