ಚೆಕಿಂಗ್ ಸಾಹೇಬರ ಸ್ಟಾಪ್‌ಲಾಸ್

ಬಸ್ಸು ಹತ್ತಿ ಟಿಕೆಟ್ ತಪಾಸಣೆ ಮಾಡುವ ಕೆಲಸದಲ್ಲಿ ಮೂವತ್ತೊಂದು ವರ್ಷ ಸವೆಸಿದ ಮನುಷ್ಯ ಯಾರನ್ನು ತಾನೇ ನಂಬಿಯಾನು? ನಿವೃತ್ತಿಯಾದ ಮೇಲೂ ಅವರು ಬೀದಿಯವರಿಗೆಲ್ಲ ಚೆಕಿಂಗ್ ಸಾಹೇಬರೇ. ಹಾಲಿನವನ ಅಳತೆಯ ಮೇಲೆ ಅನುಮಾನ, ತರಕಾರಿ ತಕ್ಕಡಿಯ ಮೇಲೆ ಅನುಮಾನ, ಗೋಡೆ ಗಡಿಯಾರ ಎರಡು ನಿಮಿಷ ಮುಂದೋಡಿದರೆ ಅದರ ಮೇಲೂ ಅನುಮಾನ. "ಕಿಟಕೀಲಿ ಗುಬ್ಬಿ ಬಂದು ಕೂತ್ರೂ ನಮ್ಮನೆಯವರು ಟಿಕೆಟ್ ಕೇಳ್ತಾರೆ" ಎಂದು ಹೆಂಡತಿ ನಗುತ್ತಿದ್ದರು.

ಇಂಥವರು ಷೇರು ಪೇಟೆಗೆ ಇಳಿದರು. ಬೆಳಿಗ್ಗೆ ಕೊಂಡು ಸಂಜೆಯೊಳಗೆ ಮಾರುವ ವ್ಯಾಪಾರ. ಊಟದ ಮೇಜಿನ ಮೇಲೆ ಲ್ಯಾಪ್‌ಟಾಪು, ಪಕ್ಕದಲ್ಲಿ ನಷ್ಟವಾದಾಗ ಕಾರಣ ಬರೆಯಲು ಒಂದು ನೋಟ್‌ಬುಕ್ಕು. ಬಂಡವಾಳ ಯಾವುದೆಂದರೆ ಹೆಂಡತಿಯ ಎರಡು ಮಂಡಿಗಳ ಆಪರೇಷನ್ನಿಗೆಂದು ತೆಗೆದಿಟ್ಟ ದುಡ್ಡು. ಬ್ಯಾಂಕಿನಲ್ಲಿ ಸುಮ್ಮನೆ ಮಲಗುವ ಬದಲು ಆರು ತಿಂಗಳು ದುಡಿಯಲಿ ಎಂದಿದ್ದರು.

ಮೊದಲ ವಾರ ಲಾಭ ಬಂತು. ಕೆಟ್ಟಿದ್ದೇ ಅಲ್ಲಿ. ಇಷ್ಟಕ್ಕಿಂತ ಹೆಚ್ಚು ಬೆಲೆ ಇಳಿದರೆ ತಾನಾಗಿಯೇ ಮಾರಿಬಿಡು ಎಂದು ಮೊದಲೇ ಹಾಕಿಡುವ ಗೆರೆಗೆ ಸ್ಟಾಪ್‌ಲಾಸ್ ಎನ್ನುತ್ತಾರೆ. ಎರಡನೇ ವಾರ ಬೆಲೆ ಆ ಗೆರೆಯನ್ನು ಮುಟ್ಟಿ, ಷೇರು ಮಾರಿಹೋದ ಮೇಲೆ ಮತ್ತೆ ಏರಿತು. ಎರಡು ಸಲ ಹೀಗಾದದ್ದೇ ತಡ, ಸಾಹೇಬರ ಕಿವಿ ನೆಟ್ಟಗಾಯಿತು.

"ಯಾರೋ ನನ್ನ ಗೆರೇನೇ ಕಾಯ್ತಾ ಕೂತಿದಾರೆ ಕಣೇ. ನನ್ನ ಹೊರಗೆ ದಬ್ಬಿ, ಆಮೇಲೆ ರೇಟ್ ಏರಿಸ್ತಾರೆ."

"ಅಷ್ಟು ದೊಡ್ಡ ಪೇಟೇಲಿ ಅವ್ರಿಗೆ ಬೇರೆ ಕೆಲಸ ಇಲ್ವಾ?"

ಸಾಹೇಬರು ಗೆರೆಯನ್ನೇ ಕಿತ್ತುಹಾಕಿದರು. ಇನ್ನು ಬೆಲೆ ಎಷ್ಟು ಇಳಿದರೂ "ವಾಪಸ್ ಬರತ್ತೆ" ಎಂದು ಸಂಜೆಗೂ ಮಾರದೆ ದಿನಗಟ್ಟಲೆ ಕಾದರು. ಬರದಿದ್ದರೆ ಇನ್ನಷ್ಟು ಕೊಂಡರು. ಬೆಳಗಿನ ನಷ್ಟದ ಸಿಟ್ಟನ್ನು ಮಧ್ಯಾಹ್ನ ಎರಡರಷ್ಟು ದುಡ್ಡು ಹಾಕಿ ತೀರಿಸಿಕೊಳ್ಳಲು ಹೋದರು. ಗೆದ್ದರೂ ಸೋತರೂ ದಲ್ಲಾಳಿಯ ಕಮಿಷನ್ ಮಾತ್ರ ತಪ್ಪದೆ ಕಡಿತವಾಗುತ್ತಿತ್ತು.

ಆಸ್ಪತ್ರೆಯವರು ಫೋನ್ ಮಾಡಿ ಆಪರೇಷನ್ನಿನ ದಿನ ಹೇಳಿದರು. ದುಡ್ಡು ಎಷ್ಟಾಗಿದೆ ನೋಡೋಣವೆಂದು ಹೆಂಡತಿ ನೋಟ್‌ಬುಕ್ ತೆರೆದರು. ಪುಟಪುಟಕ್ಕೂ ನಷ್ಟದ ಮೊತ್ತ, ಪಕ್ಕದಲ್ಲಿ ಕಾರಣಗಳು: ಇಂಟರ್ನೆಟ್ ನಿಧಾನ. ಟಿವಿಯವನ ಸುಳ್ಳು. ದೊಡ್ಡ ಕುಳಗಳ ಆಟ. ಹೆಂಡತಿ ಕಾಫಿಗೆ ಕರೆದಳು. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ; ಇಲ್ಲಿ ಊರಿಗೆ ಊರೇ ಡೊಂಕಾಗಿತ್ತು.

ಅವರು ಗೋಡೆ ಹಿಡಿದು ನಡೆದು ಬಂದು ಗಂಡನ ಎದುರು ಕೂತರು.

"'ಮುಂದಿನ ಸ್ಟಾಪಲ್ಲಿ ಟಿಕೆಟ್ ತಗೋತಿದ್ದೆ ಸಾರ್' ಅಂದೋರಿಗೆಲ್ಲ ದಂಡ ಹಾಕಿದ್ರಿ. 'ವಾಪಸ್ ಬರತ್ತೆ' ಅನ್ನೋನ ಮಾತನ್ನ ಆರು ತಿಂಗಳು ಹೇಗ್ರೀ ನಂಬಿದ್ರಿ?"

ಸಾಹೇಬರು ನೋಟ್‌ಬುಕ್ಕನ್ನು ಮೆಲ್ಲಗೆ ತಮ್ಮ ಕಡೆ ಎಳೆದುಕೊಂಡರು.

"ಹೋಗ್ಲಿ. ಉಳಿದಿರೋದು ಒಂದೇ ಮಂಡಿಗೆ ಸಾಲತ್ತೆ. ಎಡಗಡೆದು ಮಾಡಿಸ್ಲೋ, ಬಲಗಡೆದೋ? ನೀವೇ ಹೇಳಿ."

ಸಾಹೇಬರಿಗೆ ನೆಲ ಬಾಯಿ ಬಿಡಬಾರದೇ ಅನ್ನಿಸಿತು. ಕೈಯಲ್ಲಿದ್ದ ಷೇರುಗಳನ್ನೆಲ್ಲ ಸಿಕ್ಕ ಬೆಲೆಗೆ ಮಾರಿದರು. ದುಡ್ಡು ಖಾತೆಗೆ ಬಂದ ದಿನವೇ ಅಷ್ಟನ್ನೂ ಹೆಂಡತಿಯ ಖಾತೆಗೆ ಹಾಕಿದರು. ಆಮೇಲೆ ಮೆಲ್ಲಗೆ ಕೇಳಿದರು:

"ನನ್ನ ಪೆನ್ಷನ್ನಲ್ಲಿ ಒಂಚೂರು ಇಟ್ಕೊಂಡು ಆಡ್ಲಾ? ಗೆರೆ ಹಾಕೇ ಆಡ್ತೀನಿ. ದಿನಕ್ಕೆ ನೂರು ಹೋದ್ರೆ ಲ್ಯಾಪ್‌ಟಾಪ್ ಮುಚ್ಚೋದೇ."

"ಯಾರು ಮುಚ್ಚೋದು?"

"ನಾನೇ" ಎಂದವರು ಲ್ಯಾಪ್‌ಟಾಪನ್ನು ಹೆಂಡತಿಯ ಕಡೆ ಸರಿಸಿದರು. "ಬೇಡ. ನೀನೇ ಬಂದು ಮುಚ್ಚು."

ಹೆಂಡತಿ ತಮ್ಮ ಖಾತೆಗೆ ಹೊಸ ಗುಟ್ಟಿನ ನಂಬರು ಹಾಕಲು ಫೋನ್ ಎತ್ತಿಕೊಂಡರು. ಸಾಹೇಬರ ಕತ್ತು ತಾನಾಗಿಯೇ ಆ ಕಡೆ ಬಾಗಿತು.

"ಆ ಕಡೆ ತಿರುಗ್ರೀ."

ಮೂವತ್ತೊಂದು ವರ್ಷ ಕಂಡವರಿಂದೆಲ್ಲ ಜೇಬು ತಡಕಿಸಿದ ಸಾಹೇಬರು ಗೋಡೆಗೆ ಮುಖ ಮಾಡಿ ನಿಂತರು.

"ಕೈ ಅಡ್ಡ ಇಟ್ಕೊಂಡು ಒತ್ತು" ಎಂದರು ಅಲ್ಲಿಂದಲೇ. "ಈ ಮನುಷ್ಯನ್ನ ನಂಬಬೇಡ."