ಸೊಲ್ಲಾಪುರದ ಫಾರ್ವರ್ಡ್

ನಾನು ಔರಾದ್‌ನಲ್ಲಿ ನರ್ಸ್. ಭಾನುವಾರ ರಜೆ ಸಿಕ್ಕರೆ ಬಸ್ಸು ಹಿಡಿದು ಬೀದರಿಗೆ ಬಂದು, ಆರಾಧನೆ ಮುಗಿದ ಮೇಲೆ ಚರ್ಚಿನ ಹಿಂದಿನ ಅಂಗಳದಲ್ಲಿ ಬ್ಯಾಸ್ಕೆಟ್‌ಬಾಲ್ ಆಡುತ್ತಿದ್ದೆ. ನರ್ಸುಗಳು, ಟೀಚರುಗಳು ಸೇರಿ ಕಟ್ಟಿಕೊಂಡ ತಂಡ ನಮ್ಮದು. ಬೇರೆ ತಂಡದವರು ಅಲ್ಲಿಗೆ ಬರುತ್ತಿರಲಿಲ್ಲ. ನಾವೇ ಎರಡು ಪಾಲಾಗಿ ಆಡುತ್ತಿದ್ದೆವು. ಅಲ್ಲಿ ನಾವು ಹುಲಿಗಳು. ಪ್ರತಿ ವರ್ಷ ಭಾಲ್ಕಿಯ ಟೂರ್ನಮೆಂಟಿಗೆ ಹೋಗಿ ಮೊದಲ ಪಂದ್ಯದಲ್ಲೇ ಸೋತು ಬರುವುದು ಮಾತ್ರ ತಪ್ಪಿರಲಿಲ್ಲ. ಎಸೆದ ಚೆಂಡೆಲ್ಲ ರಿಂಗಿನ ಮುಂಭಾಗಕ್ಕೆ ಬಡಿದು ವಾಪಸ್. ನಾವು ಕುಳ್ಳಿಯರು, ಹಣೆಬರಹವೇ ಇಷ್ಟು ಎಂದುಕೊಂಡಿದ್ದೆವು.

ಆ ವರ್ಷ ಚರ್ಚಿನ ಕಮಿಟಿಯವರು ಅಂಗಳದಲ್ಲಿ ಮದುವೆ ಹಾಲ್ ಕಟ್ಟುವ ಮಾತೆತ್ತಿದರು. ಒಂದು ಕಪ್ ಗೆದ್ದು ತಂದರೆ ಮಾತ್ರ ಅಂಗಳ ನಿಮಗೆ ಎಂದರು.

ನಮ್ಮ ಕ್ಯಾಪ್ಟನ್ ಅಕ್ಕ ಶಾಲೆಯಲ್ಲಿ ಪಿ.ಟಿ. ಟೀಚರ್. ರಿಂಗಿನ ತುಕ್ಕು ಹಿಡಿದ ಕಂಬ ಬದಲಿಸಲೆಂದು ಕೂಡಿಸಿಟ್ಟ ಹಣವನ್ನು ಮುಂದೆ ನುಗ್ಗಿ ಪಾಯಿಂಟ್ ಗಳಿಸುವ ಸೊಲ್ಲಾಪುರದ ಒಬ್ಬ ಫಾರ್ವರ್ಡ್ ಆಟಗಾರ್ತಿಗೆ ಕೊಡೋಣ ಎಂದರು. ಆಕೆ ಯಾವ ತಂಡಕ್ಕೂ ಸೇರಿದವಳಲ್ಲ; ಕಾಸು ಕೊಟ್ಟು ಕರೆದವರಿಗೆ ಆಡುವವಳು. ನನಗೆ ಮೈಯೆಲ್ಲ ಉರಿಯಿತು.

“ಕಂಬ ಹಾಕಸ್ರಿ ಅಕ್ಕಾ. ಆಕಿ ಒಂದ್ ದಿನ ಆಡಿ ಹೋಗ್ತಾಳ, ಕಂಬ ಇಲ್ಲೇ ಇರ್ತದ,” ಎಂದೆ.

“ಅಂಗಳನೇ ಹೋದ್ರ ಕಂಬ ತಗೊಂಡ್ ಏನ್ ಮಾಡ್ತಿ?”

ಎಲ್ಲರೂ ಕೈ ಎತ್ತಿದರು. ಗೊಣಗುತ್ತ ನಾನೂ ಎತ್ತಿದೆ.

ಟೂರ್ನಮೆಂಟಿನ ಹಿಂದಿನ ಸಂಜೆ ಆಕೆ ಬಂದಳು. ಶೂ ಬಿಗಿದುಕೊಂಡು ಮೊದಲ ಚೆಂಡು ಎಸೆದಳು. ಅದು ರಿಂಗಿನ ಮೇಲಿಂದ ಹಾರಿ ಬೋರ್ಡಿಗೆ ಬಡಿಯಿತು. ಎರಡನೆಯದೂ ಹಾಗೇ. ಇಂಥವಳಿಗೆ ದುಡ್ಡು ಸುರಿದೆವಲ್ಲ ಎಂದು ಒಳಗೊಳಗೇ ಕುದಿದೆ. ಆಕೆ ಕಂಬದ ಬುಡ ನೋಡಿದಳು, ಮೇಲೆ ನೋಡಿದಳು. ಒಮ್ಮೆ ನೆಗೆದು ರಿಂಗ್ ಹಿಡಿದು ಜೋತುಬಿದ್ದಳು.

“ಅಕ್ಕಾ, ನಿಮ್ ರಿಂಗ್ ಭಾಳ ತಗ್ಗ ಅದರಿ. ಇಲ್ಲಿ ಮಣ್ಣು ಹಾಕ್ತೀರೇನ್ರಿ?”

ಹಾಕುತ್ತೇವೆ. ಪ್ರತಿ ಕ್ರಿಸ್‌ಮಸ್‌ಗೆ ಮುಂಚೆ, ಊಟದ ಪಂಕ್ತಿಗೆಂದು ಅಂಗಳಕ್ಕೆ ಕೆಂಪು ಮುರುಂ ಮಣ್ಣು ಸುರಿದು, ನೀರು ಹೊಡೆದು, ರೋಲರ್ ಎಳೆಯುವುದು ನಮ್ಮ ಸಭೆಯ ಪದ್ಧತಿ. ಬುಟ್ಟಿ ಹೊತ್ತವರಲ್ಲಿ ನಾವೂ ಇದ್ದೆವು. ಅಜ್ಜಂದಿರ ಕಾಲದಿಂದ ನೆಲ ಏರುತ್ತಲೇ ಬಂದಿತ್ತು. ಕಂಬ ಇದ್ದಲ್ಲೇ ಇತ್ತು. ತಗ್ಗು ರಿಂಗಿಗೆ ಎಸೆದು ಪಳಗಿದ ಕೈಗಳು ನಮ್ಮವು; ಭಾಲ್ಕಿಯ ಸರಿಯಾದ ಎತ್ತರದ ರಿಂಗಿಗೆ ನಮ್ಮ ಎಸೆತ ಸಾಲುತ್ತಿರಲಿಲ್ಲ. ಹೊಸ ಕಂಬ ಹಾಕಿಸಿದ್ದರೆ ಅಳತೆ ಹಿಡಿದ ಮಿಸ್ತ್ರಿಯೇ ಇದನ್ನು ಹೇಳುತ್ತಿದ್ದ.

ಅಕ್ಕ ಕಂಬದ ಬುಡದಲ್ಲೇ ಕುಳಿತರು. “ಒಂದ್ ರಾತ್ರಿಯಾಗ ಕೈ ಬದಲಾಗ್ತಾವೇನವ್ವಾ?” ಎಂದು ಆಕೆಯನ್ನು ಕೇಳಿದರು. ಆಕೆ ಶೂ ಬಿಚ್ಚತೊಡಗಿದಳು.

ಭಾಲ್ಕಿಯಲ್ಲಿ ಸೊಲ್ಲಾಪುರದವಳು, ಪಾಪ, ಕೊಟ್ಟ ಕಾಸಿಗೆ ಮೋಸ ಮಾಡಲಿಲ್ಲ. ಆದರೆ ಮೂವರು ಅವಳನ್ನು ಸುತ್ತುವರಿದಾಗ ಚೆಂಡು ನಮ್ಮ ಕೈಗೇ ಬರುತ್ತಿತ್ತು, ನಾವು ಎಸೆದದ್ದು ರಿಂಗಿನ ಮುಂಭಾಗಕ್ಕೇ ಬಡಿಯುತ್ತಿತ್ತು. ಕಾರಣ ಗೊತ್ತಿದ್ದೂ ಬಡಿಯುತ್ತಿತ್ತು. ಅದಕ್ಕಿಂತ ದೊಡ್ಡ ಸಂಕಟ ನಾನು ಆಟದಲ್ಲಿ ಕಂಡಿಲ್ಲ. ಸೋತೆವು.

ಕಮಿಟಿಯವರು ಹಾಲ್‌ನ ಪಾಯಕ್ಕೆ ಸುಣ್ಣದ ಗೆರೆ ಎಳೆದ ಭಾನುವಾರ ಅಲ್ಲಿ ಕೊನೆಯ ಸಲ ಆಡಿದೆವು. ಅವತ್ತು ಅಕ್ಕ ಎಸೆದ ಒಂದು ಚೆಂಡೂ ತಪ್ಪಲಿಲ್ಲ. ನನ್ನವೂ ತಪ್ಪಲಿಲ್ಲ. ಯಾರೂ ಚಪ್ಪಾಳೆ ತಟ್ಟಲಿಲ್ಲ.